ಗೋಮಾಳದ ಬೆಂಕಿ, ಇಂಗಾಲದ ಲೆಕ್ಕ, ದನದ ಮೇವು

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಊರಿನ ಗೋಮಾಳ ಸುಮಾರು 180 ಎಕರೆ ಇದ್ದು, ಗುಡ್ಡದ ಓರೆಯಿಂದ ಕೆರೆಯ ಅಂಗಳದವರೆಗೆ ಹರಡಿದೆ. ಪ್ರತಿ ವರ್ಷ ಶಿವರಾತ್ರಿಯ ಆಸುಪಾಸಿನಲ್ಲಿ ಯಾರೋ ಬೆಂಕಿ ಇಡುತ್ತಾರೆ. ಈ ಸಲ ಮೇಲಿನ 40 ಎಕರೆ ಸುಟ್ಟುಹೋಗಿದೆ. ಆಸ್ಟ್ರೇಲಿಯಾದಲ್ಲಿ ದನದ ಕಾವಲುಗಳಿಗೆ ಮುಂಚಿತವಾಗಿ ಸಣ್ಣ ಬೆಂಕಿ ಹಾಕಿ, ಹೊಗೆಯ ಪ್ರಮಾಣ ತಗ್ಗಿಸಿ, ಅದರಿಂದ ಕಾರ್ಬನ್ ಕ್ರೆಡಿಟ್ (ತಗ್ಗಿಸಿದ ಹೊಗೆಯ ಲೆಕ್ಕಕ್ಕೆ ಸಿಗುವ, ಮಾರಬಹುದಾದ ಪತ್ರ) ಮಾರುತ್ತಾರೆಂದು ಹೇಳಿಕೊಂಡು ಒಬ್ಬರು ಬಂದಿದ್ದಾರೆ. ನಮ್ಮ ಗೋಮಾಳವನ್ನೂ ಸೇರಿಸುತ್ತೇವೆ, ನೋಂದಣಿಗೆ ಹಣ ಕಟ್ಟಿ ಎನ್ನುತ್ತಿದ್ದಾರೆ. ಇದು ಆಗುವ ಮಾತೇ? ಸುಟ್ಟರೆ ಹುಲ್ಲು ಚೆನ್ನಾಗಿ ಬರುತ್ತದೆ ಎಂದು ಹಿರಿಯರು ಹೇಳುವುದು ಸರಿಯೇ? ಸುಟ್ಟ 40 ಎಕರೆಯನ್ನು ಈಗ ಏನು ಮಾಡಬೇಕು?

ಉತ್ತರ: ಆಸ್ಟ್ರೇಲಿಯಾದ ಸಂಗತಿ ನಿಜ. ಅದೇ ಕ್ರಮ ನಿಮ್ಮ 180 ಎಕರೆಗೆ ಹಣ ತಂದುಕೊಡುತ್ತದೆ ಎಂಬ ಭರವಸೆ ಮಾತ್ರ ನಿಜವಲ್ಲ. ಆದ್ದರಿಂದ ನೋಂದಣಿಯ ಹೆಸರಿನಲ್ಲಿ ಯಾರಿಗೂ ಹಣ ಕೊಡಬೇಡಿ, ಯಾವ ಕರಾರಿಗೂ ಸಹಿ ಹಾಕಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಗೋಮಾಳವೆಂಬುದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಡಿ ಊರ ದನಗಳ ಮೇವಿಗೆಂದು ಕಾಯ್ದಿರಿಸಿದ ಸರ್ಕಾರಿ ಜಮೀನು. ಪ್ರತಿ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಬಿಡಬೇಕೆಂದು ಅದರ ನಿಯಮವಿದೆ. ಅಂಥ ಜಮೀನಿನ ಹೊಗೆಯನ್ನಾಗಲಿ ಹುಲ್ಲನ್ನಾಗಲಿ ಹತ್ತಿಪ್ಪತ್ತು ವರ್ಷಕ್ಕೆ ಬರೆದುಕೊಡುವ ಹಕ್ಕು ಊರಿನ ಯಾವೊಬ್ಬರಿಗೂ ಇಲ್ಲ. ಆದರೆ ನಿಮ್ಮ ಪ್ರಶ್ನೆಯ ಹಿಂದೆ ವರ್ಷ ವರ್ಷವೂ ಉರಿಯುವ ಒಂದು ಹುಲ್ಲುಗಾವಲು ಇದೆ, ಬೇಸಿಗೆಯಲ್ಲಿ ಬಡಕಲಾಗುವ ದನಗಳಿವೆ. ಅವುಗಳ ಸಲುವಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಉತ್ತರ ಆಸ್ಟ್ರೇಲಿಯಾದ ಬಹುಭಾಗ ಸವನ್ನಾ, ಅಂದರೆ ಎತ್ತರದ ಹುಲ್ಲಿನ ನಡುವೆ ಅಲ್ಲಲ್ಲಿ ಮರಗಳಿರುವ ಬಯಲು. ಅಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ, ಉಳಿದಂತೆ ಒಣಗಾಲ. ಆ ನೆಲದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಒಣಗಾಲದ ಆರಂಭದಲ್ಲಿ, ಹುಲ್ಲಿನಲ್ಲಿ ಇನ್ನೂ ಹಸಿ ಇರುವಾಗ, ನಡೆಯುತ್ತ ನಡೆಯುತ್ತ ಚಿಕ್ಕ ಚಿಕ್ಕ ಬೆಂಕಿ ಹಾಕಿಕೊಂಡು ಹೋಗುತ್ತಿದ್ದರು. ರಾತ್ರಿಯ ಇಬ್ಬನಿಗೆ ಆ ಬೆಂಕಿ ತಾನೇ ಆರುತ್ತಿತ್ತು. ವಸಾಹತು ಕಾಲದಲ್ಲಿ ಅವರು ತಮ್ಮ ನೆಲವನ್ನು ಬಿಟ್ಟು ಹೋಗಬೇಕಾಗಿ ಬಂದಾಗ ಈ ಕ್ರಮ ನಿಂತುಹೋಯಿತು. ವರ್ಷದ ಕೊನೆಯ ಕಡುಬಿಸಿಲಿನಲ್ಲಿ ಮಿಂಚಿನಿಂದಲೋ ಮನುಷ್ಯರ ಕೈಯಿಂದಲೋ ಹೊತ್ತಿದ ಬೆಂಕಿ ಸಾವಿರಾರು ಚದರ ಕಿಲೋಮೀಟರ್ ಸುಡತೊಡಗಿತು. ಬರ್ದಯಲ್ ನಜಮೆರೆಕ್ ಎಂಬ ಹಿರಿಯರು ತಮ್ಮ ಪ್ರಸ್ಥಭೂಮಿಗೆ ಮರಳಿ ನೆಲೆಸಿ, ವಿಜ್ಞಾನಿಗಳನ್ನು ಜೊತೆಗೆ ಕೂರಿಸಿಕೊಂಡು ಹಳೆಯ ಕ್ರಮವನ್ನು ಮತ್ತೆ ಆರಂಭಿಸಲು ಕಾರಣರಾದರು. 2006ರಲ್ಲಿ ಪಶ್ಚಿಮ ಆರ್ನೆಮ್ ಲ್ಯಾಂಡ್‌ನಲ್ಲಿ ಸುಮಾರು 28,000 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಈ ಕೆಲಸ ಯೋಜನೆಯ ರೂಪ ಪಡೆಯಿತು. ಅಲ್ಲಿನ ಡಾರ್ವಿನ್ ನಗರದ ನೈಸರ್ಗಿಕ ಅನಿಲ ಘಟಕವೊಂದು ತನ್ನ ಹೊಗೆಗೆ ಪ್ರತಿಯಾಗಿ ವರ್ಷಕ್ಕೆ 1,00,000 ಟನ್ ಉಳಿತಾಯವನ್ನು ಕೊಳ್ಳಲು 17 ವರ್ಷದ ಒಪ್ಪಂದ ಮಾಡಿಕೊಂಡಿತು. 2012ರಿಂದ ಅಲ್ಲಿನ ಸರ್ಕಾರ ಇದಕ್ಕೊಂದು ಅಧಿಕೃತ ಲೆಕ್ಕದ ವಿಧಾನವನ್ನೇ ರೂಪಿಸಿದ ಮೇಲೆ ದೊಡ್ಡ ದನದ ಕಾವಲುಗಳೂ ಸೇರಿದವು. ನಮ್ಮ ಇಡೀ ತುಮಕೂರು ಜಿಲ್ಲೆಯ ವಿಸ್ತೀರ್ಣ 10,600 ಚದರ ಕಿಲೋಮೀಟರಿನ ಆಸುಪಾಸು. ಆ ಒಂದು ಯೋಜನೆ ಅದರ ಎರಡೂವರೆ ಪಟ್ಟಿಗಿಂತ ದೊಡ್ಡದು. ಮುಂದೆ ಬರುವ ದೊಡ್ಡ ಬೆಂಕಿ ದಾಟದಂತೆ ಹೆಲಿಕಾಪ್ಟರಿನಿಂದ ಬೆಂಕಿಗುಂಡು ಉದುರಿಸಿ ಅವರು ಹುಲ್ಲನ್ನು ಗೆರೆಗೆರೆಯಾಗಿ ಸುಡುವುದು ಈ ವಿಸ್ತಾರದ ಕಾರಣಕ್ಕೆ. ಅಷ್ಟು ಹುಲ್ಲನ್ನು ಕೊಯ್ಯಲು ಕೈಗಳಿಲ್ಲ, ತಿನ್ನಲು ದನಗಳೂ ಸಾಲವು.

ಇನ್ನು ಹೊಗೆಯ ಲೆಕ್ಕ. ಒಣಹುಲ್ಲು ಸುಟ್ಟಾಗ ಹೊರಬರುವುದರಲ್ಲಿ ಹೆಚ್ಚಿನ ಪಾಲು ಕಾರ್ಬನ್ ಡೈಆಕ್ಸೈಡ್. ಒಂದು ಟನ್ ಹುಲ್ಲಿಗೆ ಸುಮಾರು 1,600 ಕಿಲೋ. ಆದರೆ ಕ್ರೆಡಿಟ್ ಲೆಕ್ಕದಲ್ಲಿ ಇದನ್ನು ಹಿಡಿಯುವುದಿಲ್ಲ. ಮುಂದಿನ ಮಳೆಗೆ ಹುಲ್ಲು ಮತ್ತೆ ಬೆಳೆಯುವಾಗ ಅಷ್ಟನ್ನೂ ಗಾಳಿಯಿಂದ ಹೀರಿಕೊಳ್ಳುತ್ತದೆ ಎಂಬುದು ಅದಕ್ಕೆ ಕಾರಣ. ಲೆಕ್ಕಕ್ಕೆ ಬರುವುದು ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಎರಡೇ. ಒಂದು ಟನ್ ಹುಲ್ಲಿಗೆ ಮೀಥೇನ್ ಸುಮಾರು 2.3 ಕಿಲೋ, ನೈಟ್ರಸ್ ಆಕ್ಸೈಡ್ ಸುಮಾರು 0.21 ಕಿಲೋ. ಪ್ರಮಾಣ ಚಿಕ್ಕದಾದರೂ ಶಾಖ ಹಿಡಿಯುವ ಶಕ್ತಿಯಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡಿನ 28 ಪಟ್ಟು, ನೈಟ್ರಸ್ ಆಕ್ಸೈಡ್ 265 ಪಟ್ಟು. ಗುಣಿಸಿ ಕೂಡಿದರೆ ಒಂದು ಟನ್ ಹುಲ್ಲಿನ ಬೆಂಕಿ ಸುಮಾರು 120 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ ಎಂದಾಗುತ್ತದೆ.

ಇದನ್ನು ನಿಮ್ಮ ಗೋಮಾಳಕ್ಕೆ ಹಚ್ಚಿ ನೋಡೋಣ. ಚೆನ್ನಾಗಿ ಕಾಯ್ದ ಹುಲ್ಲುಗಾವಲಿನಲ್ಲಿ ಎಕರೆಗೆ ಒಂದು ಟನ್ ಒಣಹುಲ್ಲು ಎಂದು ಧಾರಾಳವಾಗಿ ಹಿಡಿದು, 180 ಎಕರೆಯೂ ಪ್ರತಿ ವರ್ಷ ಪೂರ್ತಿ ಸುಡುತ್ತದೆ ಎಂದೇ ಇಟ್ಟುಕೊಂಡರೂ ಲೆಕ್ಕಕ್ಕೆ ಬರುವ ಹೊಗೆ ವರ್ಷಕ್ಕೆ ಒಟ್ಟು 21.6 ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ. ಒಳ್ಳೆಯ ನಿರ್ವಹಣೆಯಿಂದ ಅದರಲ್ಲಿ ಅರ್ಧ ತಗ್ಗಿಸಿದಿರಿ ಎನ್ನಿ, ಉಳಿತಾಯ 10.8 ಟನ್. ಟನ್ನಿಗೆ 1,000 ರೂಪಾಯಿಯಂತೆ 10,800 ರೂಪಾಯಿ. 2,000ದಂತೆ ಹಿಡಿದರೂ 21,600. ಈ ಹಣ ಬರಬೇಕಾದರೆ ಹಿಂದಿನ ಹತ್ತಾರು ವರ್ಷ ಎಲ್ಲೆಲ್ಲಿ ಎಷ್ಟೆಷ್ಟು ಸುಟ್ಟಿತ್ತು ಎಂಬುದಕ್ಕೆ ಉಪಗ್ರಹ ಚಿತ್ರಗಳ ದಾಖಲೆ ತೋರಿಸಬೇಕು, ಪ್ರತಿ ಅವಧಿಯ ಲೆಕ್ಕವನ್ನು ಹೊರಗಿನ ಪರಿಶೋಧಕರು ಬಂದು ತಪಾಸಣೆ ಮಾಡಬೇಕು. ಆಸ್ಟ್ರೇಲಿಯಾದಲ್ಲಿ ಬಳಸುವ ಬೆಂಕಿ ನಕ್ಷೆಗಳಲ್ಲಿ ಒಂದು ಚುಕ್ಕೆ ಎಂದರೆ 250 ಮೀಟರ್ ಉದ್ದ, ಅಷ್ಟೇ ಅಗಲ, ಅಂದರೆ ಹದಿನೈದು ಎಕರೆಗೂ ಸ್ವಲ್ಪ ಹೆಚ್ಚು. ನಿಮ್ಮ ಇಡೀ ಗೋಮಾಳ ಅಂಥ ಹನ್ನೊಂದು ಹನ್ನೆರಡು ಚುಕ್ಕೆ. ತಪಾಸಣೆಯ ಖರ್ಚಿನ ಮುಂದೆ ಈ ವರಮಾನ ಎಲ್ಲಿಯೂ ನಿಲ್ಲುವುದಿಲ್ಲ. ಮೇಲಾಗಿ ಆ ವಿಧಾನ ಉತ್ತರ ಆಸ್ಟ್ರೇಲಿಯಾದಲ್ಲಿ 600 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುವ ಸವನ್ನಾಕ್ಕೆಂದೇ ಬರೆದದ್ದು. ಮಧುಗಿರಿಯ ಜಮೀನನ್ನು ಅದರಡಿ ಸೇರಿಸಲು ದಾರಿಯಿಲ್ಲ.

ಈಗ ಅದೇ ಹುಲ್ಲನ್ನು ಮೇವೆಂದು ನೋಡಿ. ನಮ್ಮ ನಾಟಿ ದನವೊಂದು ದಿನಕ್ಕೆ ಸುಮಾರು 6 ಕಿಲೋ ಒಣಮೇವು ತಿನ್ನುತ್ತದೆ. 180 ಟನ್ನಿನಲ್ಲಿ ಅರ್ಧವನ್ನು ನೆಲಕ್ಕೇ ಬಿಟ್ಟು, ಉಳಿದ 90 ಟನ್ ಮಾತ್ರ ಬಳಸಿಕೊಂಡರೂ 15,000 ದಿನದ ಮೇವಾಯಿತು. ಅಂದರೆ 100 ದನಗಳಿಗೆ ಜನವರಿಯಿಂದ ಮೇ ತಿಂಗಳ ಕೊನೆಯವರೆಗೆ, ಸರಿಯಾಗಿ ನಿಮ್ಮೂರಿನಲ್ಲಿ ರಾಗಿ ಹುಲ್ಲಿನ ಬಣವೆ ಕರಗುವ ಐದು ತಿಂಗಳಿಗೆ. ಬೇಸಿಗೆಯಲ್ಲಿ ಒಂದು ಟ್ರ್ಯಾಕ್ಟರ್ ಲೋಡು ಹುಲ್ಲಿಗೆ ಎಷ್ಟು ಕೊಡುತ್ತೀರಿ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ದರದಲ್ಲಿ ಲೆಕ್ಕ ಹಾಕಿದರೆ, ಮಾರಲು ಹೊರಟ ಹೊಗೆಗಿಂತ ಸುಟ್ಟುಕೊಳ್ಳುತ್ತಿರುವ ಮೇವು ಎಷ್ಟೋ ಪಟ್ಟು ಬೆಲೆಯದು ಎಂಬುದು ತಾನಾಗಿ ಕಾಣುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ದನ ಮೇದರೆ ವಾತಾವರಣಕ್ಕೆ ಹೊಗೆಯೇ ಇಲ್ಲ ಎಂದು ಕೆಲವರು ಉತ್ಸಾಹದಿಂದ ಹೇಳುತ್ತಾರೆ, ಅದು ತಪ್ಪು. ಒಂದು ಕಿಲೋ ಒಣಹುಲ್ಲು ಸುಟ್ಟರೆ 2.3 ಗ್ರಾಂ ಮೀಥೇನ್ ಬಂದರೆ, ಅದೇ ಹುಲ್ಲು ದನದ ಹೊಟ್ಟೆಯಲ್ಲಿ ಅರಗುವಾಗ ಮೆಲುಕಿನ ಜೊತೆಗೆ ಸುಮಾರು 20 ಗ್ರಾಂ ಮೀಥೇನ್ ಹೊರಬೀಳುತ್ತದೆ. ಆದರೆ ನಿಮ್ಮೂರಿನ ದನಗಳು ಗೋಮಾಳ ಸುಟ್ಟರೂ ಇರುತ್ತವೆ, ಸುಡದಿದ್ದರೂ ಇರುತ್ತವೆ. ಇಲ್ಲಿ ಮೇಯದಿದ್ದರೆ ದೂರದಿಂದ ಲಾರಿಯಲ್ಲಿ ತರಿಸಿದ ಹುಲ್ಲನ್ನು ತಿನ್ನುತ್ತವೆ. ಆದ್ದರಿಂದ ಸುಡುವುದನ್ನು ನಿಲ್ಲಿಸಿದರೆ ಬೆಂಕಿಯ ಪಾಲಿನ ಹೊಗೆ ನಿಜವಾಗಿಯೂ ಉಳಿಯುತ್ತದೆ. ಅದನ್ನೇ ದೊಡ್ಡ ಸಾಧನೆಯೆಂದು ಬಿಂಬಿಸುವುದು ಮಾತ್ರ ಸರಿಯಲ್ಲ. ಇಂಗಾಲದ ದೃಷ್ಟಿಯಿಂದ ನನಗೆ ಹೆಚ್ಚು ಕಾಳಜಿಯಿರುವುದು ನೆಲದ ಕೆಳಗಿನದರ ಬಗ್ಗೆ. ಹುಲ್ಲುಗಾವಲಿನ ಇಂಗಾಲದ ದೊಡ್ಡ ಪಾಲು ಬೇರಿನಲ್ಲಿ, ಮಣ್ಣಿನಲ್ಲಿ ಇದೆ. ಬುಡ ಸತ್ತು ಬೇರು ಕೊಳೆತು ಮೇಲ್ಮಣ್ಣು ಕೊಚ್ಚಿಹೋದರೆ, ಅದನ್ನು ಮುಂದಿನ ಮಳೆ ಹಿಂದಿರುಗಿಸುವುದಿಲ್ಲ.

ಇದರಿಂದ ಹಿರಿಯರ ಮಾತಿಗೆ ಬರುತ್ತೇನೆ. ಅವರು ಹೇಳುವುದರಲ್ಲಿ ಸತ್ಯವಿದೆ, ಆದರೆ ಅದು ಕಾಲಕ್ಕೆ ಕಟ್ಟುಬಿದ್ದ ಸತ್ಯ. ನಮ್ಮ ಬೀಳುಗಳಲ್ಲಿ ಬೆಳೆಯುವ ಬಹುವಾರ್ಷಿಕ ಹುಲ್ಲುಗಳು ಬೆಂಕಿಯ ಜೊತೆಯಲ್ಲೇ ವಿಕಾಸ ಹೊಂದಿದವು. ಹಳೆಯ ಕರಡ, ಅಂದರೆ ಒಣಗಿದ ಹುಲ್ಲು, ದಟ್ಟವಾಗಿ ನಿಂತುಬಿಟ್ಟರೆ ಬುಡಕ್ಕೆ ಬೆಳಕು ಬೀಳದೆ ಅವು ಸೊರಗುತ್ತವೆ. ಸುಟ್ಟ ಮೇಲೆ ಬರುವ ಚಿಗುರು ಮೆತ್ತಗಿರುತ್ತದೆ, ಅದರಲ್ಲಿ ಪ್ರೋಟೀನು ಹೆಚ್ಚು. ಬೇಸಿಗೆಯ ಒಣ ಕರಡದಲ್ಲಿ ಪ್ರೋಟೀನು ಶೇಕಡಾ 3–4ಕ್ಕೆ ಇಳಿದಿರುತ್ತದೆ; ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಸರಿಯಾಗಿ ಕೆಲಸ ಮಾಡಲು ಶೇಕಡಾ 7 ಬೇಕು. ಆಸ್ಟ್ರೇಲಿಯಾದ ದನಗಾಹಿಗಳೂ ಈ ಚಿಗುರಿಗಾಗಿಯೇ ಸುಡುತ್ತ ಬಂದವರು. ಅಲ್ಲಿ ಮಳೆ ನಿಂತ ಹೊಸತರಲ್ಲಿ ನೆಲದಾಳದಲ್ಲಿ ತೇವವಿರುವುದರಿಂದ ಸುಟ್ಟ ಕೆಲವೇ ವಾರಗಳಲ್ಲಿ ಹಸಿರು ಮೂಡುತ್ತದೆ. ನಮ್ಮ ಕೆಂಪು ಗರಸು ನೆಲ ಒಂದೆರಡು ಅಡಿಗೇ ಬಂಡೆ ಮುಟ್ಟುವಂಥದ್ದು. ಫೆಬ್ರವರಿ, ಮಾರ್ಚಿನಲ್ಲಿ ಸುಟ್ಟರೆ ಮುಂಗಾರು ಪೂರ್ವದ ಮಳೆ ಬೀಳುವವರೆಗೆ ನೆಲ ಬರಿದಾಗಿ ಬಿಸಿಲು ಕಾಯುತ್ತದೆ, ಆಮೇಲೆ ಮೊದಲ ಗುಡುಗು ಮಳೆಗೇ ಬೂದಿಯೂ ಮಣ್ಣೂ ಸೇರಿ ಕೆರೆಗೆ ಇಳಿಯುತ್ತದೆ. ಅಷ್ಟರ ಮೇಲೆ ಚಿಗುರು ಕಂಡೊಡನೆ ಕುರಿ ಬಿಟ್ಟರೆ, ಬೇರಿನಲ್ಲಿ ಕೂಡಿಟ್ಟ ಕೊನೆಯ ಕಸುವೂ ಖರ್ಚಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಿಮ್ಮದೇ ತಾಲ್ಲೂಕಿನ ಒಂದು ಬೀಳಿನಲ್ಲಿ, ಒಂದೇ ದಾರಿಯ ಎರಡು ಬದಿಯಲ್ಲಿ, ಬೇರೆ ಬೇರೆ ಕಾಲದಲ್ಲಿ ಸುಟ್ಟ ಎರಡು ತುಣುಕು ನೆಲವನ್ನು ನೋಡಿದೆ. ಎಡಗಡೆ ಸಂಕ್ರಾಂತಿಯ ಹೊತ್ತಿಗೆ, ಬೆಳಗಿನ ಮಂಜು ಆರುವ ಮುನ್ನ ಸುಟ್ಟದ್ದು. ಹುಲ್ಲಿನ ಬುಡಗಳು ಮೇಲೆ ಕರಕಲಾಗಿದ್ದರೂ ಕುಡುಗೋಲಿನಿಂದ ಸೀಳಿದಾಗ ಒಳಗೆ ತೆಂಗಿನ ಮೊಳಕೆಯಂಥ ಬಿಳಿಹಸಿರು ಕಣ್ಣುಗಳಿದ್ದವು. ಬುಡದ ಸುತ್ತ ಅರ್ಧ ಬೆಂದ ಕಸ ಇನ್ನೂ ಮಣ್ಣನ್ನು ಮುಚ್ಚಿಕೊಂಡಿತ್ತು. ಬಲಗಡೆಯದು ಮಾರ್ಚಿನ ಮಧ್ಯಾಹ್ನ ಗಾಳಿಯಲ್ಲಿ ಸುಟ್ಟದ್ದು. ಅಲ್ಲಿನ ಬುಡಗಳನ್ನು ಸೀಳಿದರೆ ನಡುವೆ ಬೂದಿಯ ಕುಳಿ, ಬೆರಳು ಇಟ್ಟರೆ ಪುಡಿಯಾಗುತ್ತಿತ್ತು. ಆ ಬದಿಯಲ್ಲಿ ಆಳೆತ್ತರದ ಕಗ್ಗಲಿ ಗಿಡಗಳು ಬುಡದವರೆಗೆ ಸತ್ತಿದ್ದವು, ಒಂದು ಹಳೆಯ ಕಮರದ ಮರದ ತೊಗಟೆ ಬಿರಿದಿತ್ತು. ಆಸ್ಟ್ರೇಲಿಯಾದವರು ತಣ್ಣನೆಯ ಬೆಂಕಿ, ಬಿಸಿ ಬೆಂಕಿ ಎಂದು ಬೇರೆ ಬೇರೆಯಾಗಿ ಕರೆಯುವುದು ಇದನ್ನೇ. ಬೇಗ ಹಾಕಿದ ಬೆಂಕಿ ಮೊಣಕಾಲಿನ ಮೇಲೆ ಏಳುವುದಿಲ್ಲ, ಅಲ್ಲಲ್ಲಿ ತುಣುಕು ಬಿಟ್ಟು ಸುಡುತ್ತದೆ, ದಿಮ್ಮಿಗಳನ್ನೂ ಪೊದೆಗಳನ್ನೂ ಮುಟ್ಟುವುದಿಲ್ಲ. ಅವರ ಉಳಿತಾಯದ ಹೆಚ್ಚಿನ ಪಾಲು ಹೀಗೆ ಸುಡದೆ ಉಳಿದದ್ದರಿಂದ ಬರುತ್ತದೆ.

ಹಾಗಾದರೆ ಸಂಕ್ರಾಂತಿಗೆ ನಾವೂ ಇಡೀ ಗೋಮಾಳ ಸುಡೋಣ ಎಂದು ತೀರ್ಮಾನಿಸಬೇಡಿ. ಕೊಯ್ಯಲು ಜನವಿರುವ, ತಿನ್ನಲು ದನವಿರುವ 180 ಎಕರೆಯಲ್ಲಿ ಆ ಬೆಂಕಿಯೂ ಮೇವಿನ ನಷ್ಟವೇ. ಆಸ್ಟ್ರೇಲಿಯಾದಿಂದ ನೀವು ತೆಗೆದುಕೊಳ್ಳಬೇಕಾದದ್ದು ಕಾಲದ ಎಚ್ಚರ ಮತ್ತು ತುಣುಕು ಮಾಡುವ ಉಪಾಯ. ಬೆಂಕಿ ಬಂದರೂ ಒಂದು ಮೂಲೆಯಲ್ಲಿ ನಿಲ್ಲುವಂತೆ ಗೋಮಾಳವನ್ನು ಮುಂಚೆಯೇ ನಾಲ್ಕು ಪಾಲು ಮಾಡಿಟ್ಟುಕೊಳ್ಳಬೇಕು.

ಇದಕ್ಕೆ ಬೇಕಾದದ್ದು ಬೆಂಕಿ ಗೆರೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ; ಅರಣ್ಯ ಇಲಾಖೆಯವರು ಫೈರ್ ಲೈನ್ ಎನ್ನುವುದು. ಡಿಸೆಂಬರ್ ಕೊನೆಯೊಳಗೆ ಮಾಡಿ ಮುಗಿಸಬೇಕು. ಶಿವರಾತ್ರಿ ಹತ್ತಿರವಾದ ಮೇಲೆ ಮಾಡಹೊರಟರೆ ಗುದ್ದಲಿಯ ಕಿಡಿಗೂ ಭಯಪಡಬೇಕಾಗುತ್ತದೆ. ಗಾಡಿದಾರಿ, ಹಾಸುಬಂಡೆ, ಹಳ್ಳ, ಕೆರೆಯ ಅಂಗಳ ಇವೆಲ್ಲ ಈಗಾಗಲೇ ಇರುವ ಗೆರೆಗಳು. ಅವುಗಳನ್ನು ಒಂದಕ್ಕೊಂದು ಜೋಡಿಸಿದರೆ ಅರ್ಧ ಕೆಲಸ ಮುಗಿಯಿತು. ಸೊಂಟದ ಕೆಳಗಿನ ಹುಲ್ಲಿದ್ದರೂ ಕನಿಷ್ಠ ಹತ್ತು ಅಡಿ ಅಗಲ ಬೇಕು. ಗುಡ್ಡದ ಓರೆಯಲ್ಲಿ ಅದನ್ನು ಎರಡರಷ್ಟು ಮಾಡಬೇಕು, ಏಕೆಂದರೆ ಬೆಂಕಿ ಏರನ್ನು ಹತ್ತುವಾಗ ಮೇಲಿನ ಹುಲ್ಲನ್ನು ತಾನೇ ಒಣಗಿಸಿಕೊಂಡು ಓಡುತ್ತದೆ. ಗೆರೆಯ ಹುಲ್ಲನ್ನು ಸುಡುವ ಬದಲು ಕೊಯ್ದು ಮನೆಗೆ ಸಾಗಿಸಿ, ಉಳಿದ ಕೂಳೆಯನ್ನು ಹೆರೆದುಹಾಕಿ. ಲಂಟಾನ ಪೊದೆ ಗೆರೆಯ ಪಕ್ಕದಲ್ಲಿದ್ದರೆ ಮೊದಲು ಅದನ್ನು ಬೇರುಸಹಿತ ಕೀಳಬೇಕು. ಹುಲ್ಲಿನ ಬೆಂಕಿಯನ್ನು ಮರದ ತಲೆಗೆ ಹತ್ತಿಸುವ ಏಣಿ ಅದೇ. ಹೊರಗಿನ ಹುಲ್ಲನ್ನು ಮೇವಿಗೆಂದು ಬಿತ್ತುವ ಆಸೆಯನ್ನೂ ಬಿಡಿ. ಆಸ್ಟ್ರೇಲಿಯಾದವರು ಆಫ್ರಿಕಾದಿಂದ ದನಗಳಿಗೆಂದು ತಂದ ಗಾಂಬಾ ಹುಲ್ಲು ನಾಲ್ಕು ಮೀಟರ್ ಎತ್ತರ ಬೆಳೆದು, ಮರಗಳನ್ನೇ ಕೊಲ್ಲುವ ಬೆಂಕಿಗೆ ಉರುವಲಾಗಿ, ಕೊನೆಗೆ ಅದನ್ನು ನಾಶಮಾಡಬೇಕಾದ ಕಳೆ ಎಂದು ಘೋಷಿಸಬೇಕಾಯಿತು.

ಎಲ್ಲಾದರೂ ಗೆರೆಯನ್ನು ಸುಟ್ಟೇ ತೀರಬೇಕಾದ ಇಕ್ಕಟ್ಟು ಬಂದರೆ, ಅದು ಪಂಚಾಯಿತಿ, ಕಂದಾಯ ಮತ್ತು ಅರಣ್ಯ ಇಲಾಖೆಯವರಿಗೆ ತಿಳಿಸಿ, ಅವರ ಒಪ್ಪಿಗೆಯ ಮೇಲೆ ಅವರ ಎದುರಿಗೇ ನಡೆಯಬೇಕು. ಗುಡ್ಡದ ಮೇಲ್ಭಾಗ ಮೀಸಲು ಅರಣ್ಯವಾಗಿದ್ದರೆ ಅಲ್ಲಿಗೆ ಬೆಂಕಿ ತಗಲುವಂತೆ ಮಾಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಹುಲ್ಲು ಸುಡುವ ಹದಕ್ಕೆ ಇದೆಯೇ ಎಂಬುದಕ್ಕೆ ಕೈಯ ಪರೀಕ್ಷೆಯೊಂದಿದೆ: ಒಂದು ಹಿಡಿ ಹುಲ್ಲನ್ನು ಹಗ್ಗ ಹೊಸೆಯುವಂತೆ ತಿರುಚಿ. ಬಾಗಿ ತಿರುಚಿಕೊಂಡರೆ ಅದರಲ್ಲಿ ಇನ್ನೂ ಹಸಿ ಇದೆ, ಬೆಂಕಿ ನಿಧಾನವಾಗಿ ನಡೆಯುತ್ತದೆ. ಚಟ್ ಎಂದು ಮುರಿದರೆ ಆ ವರ್ಷಕ್ಕೆ ಬೆಂಕಿಕಡ್ಡಿಯನ್ನು ಜೇಬಿನಲ್ಲೇ ಇಡಿ. ಬೆಂಕಿ ಕೈಮೀರಿತೆಂದು ಅನಿಸಿದ ಕ್ಷಣ 112ಕ್ಕೆ ಕರೆ ಮಾಡಿ. ಸೊಪ್ಪಿನ ಬರಲು ಹಿಡಿದು ಏರಿನ ಮೇಲ್ಗಡೆ ನಿಂತು ಬೆಂಕಿಗೆ ಎದುರಾಗಬೇಡಿ.

ಗೆರೆಯಿಂದ ನಾಲ್ಕು ಪಾಲಾದ ಗೋಮಾಳದಲ್ಲಿ ಪ್ರತಿ ವರ್ಷ ಒಂದು ಪಾಲನ್ನು ಬೀಜ ಉದುರುವವರೆಗೆ ಮುಟ್ಟದೆ ಬಿಡಿ, ಉಳಿದವುಗಳಲ್ಲಿ ಕೊಯ್ಲು ಮತ್ತು ಮೇವನ್ನು ಸರದಿಯ ಮೇಲೆ ನಡೆಸಿ. ಕೊಯ್ಲಿಗೆ ಅಕ್ಟೋಬರ್ ಒಳ್ಳೆಯದು: ತೆನೆ ಹೊರಬರುವ ಹಂತದಲ್ಲಿ ಹುಲ್ಲಿನ ಸತ್ವ ಇನ್ನೂ ಇಳಿದಿರುವುದಿಲ್ಲ. ಬುಡದಿಂದ ಅಂಗೈ ಅಗಲ ಬಿಟ್ಟು ಕೊಯ್ಯಬೇಕು. ಬಿಟ್ಟ ಪಾಲು ವ್ಯರ್ಥವಲ್ಲ. ಬೇಸಿಗೆಯಲ್ಲಿ ನೆಲದ ಮೇಲೆ ಗೂಡು ಕಟ್ಟುವ ನೆಲಗುಬ್ಬಿಗೂ ಗೌಜಲಕ್ಕೂ ಮೊಲಕ್ಕೂ ಅದೇ ಆಸರೆ. ನಿಮ್ಮ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಯ ಹುಲ್ಲುಬಯಲನ್ನು 2007ರಲ್ಲಿ ಕೃಷ್ಣಮೃಗಗಳಿಗಾಗಿ ಜಯಮಂಗಲಿ ಸಂರಕ್ಷಿತ ಮೀಸಲು ಎಂದು ಘೋಷಿಸಲಾಯಿತು. ಆ ಮೃಗಗಳು ಮೀಸಲಿನ ಗಡಿ ದಾಟಿ ಮೇಯುವುದು ಇಂಥ ಗೋಮಾಳ, ಬೀಳುಗಳಲ್ಲೇ.

ಗೆರೆ, ಸರದಿ ಎರಡೂ ನಿಲ್ಲುವುದು ಬೆಂಕಿ ಇಡುವವರು ಒಪ್ಪಿದರೆ ಮಾತ್ರ. ಅವರು ಹೆಚ್ಚಾಗಿ ಚಿಗುರಿಗೆ ಕಾಯುವ ಕುರಿಗಾಹಿಗಳು, ಬದುವಿನ ಕಸ ಸುಡುವಾಗ ಕೈತಪ್ಪಿಸಿಕೊಂಡ ರೈತರು. ಅವರನ್ನು ಕಳ್ಳರಂತೆ ಹುಡುಕುವುದರಿಂದ ಏನೂ ಆಗದು. ಕುರಿಗಾಹಿಗೆ ಬೇಕಾದ ಮೆತ್ತನೆಯ ಮೇವು ಕೊಯ್ದ ಪಾಲಿನ ಕೂಳೆಯಲ್ಲೂ ಮೊದಲ ಮಳೆಗೆ ಬರುತ್ತದೆ. ಆ ಪಾಲಿನಲ್ಲಿ ಕುರಿ ಮೇಯಿಸುವ ಮೊದಲ ಸರದಿಯನ್ನು ಅವರಿಗೇ ಕೊಡುತ್ತೇವೆ ಎಂದು ಊರ ಸಭೆಯಲ್ಲಿ ಅವರ ಮುಂದೆಯೇ ತೀರ್ಮಾನಿಸಿ. ಬೆಂಕಿ ಕಾಯುವ ಕೆಲಸಕ್ಕೂ ಅವರಿಗಿಂತ ಒಳ್ಳೆಯ ಕಣ್ಣು ಊರಿನಲ್ಲಿಲ್ಲ.

ಕೊನೆಯದಾಗಿ ಸುಟ್ಟ 40 ಎಕರೆ. ಅಲ್ಲಿ ಗುಂಡಿ ತೋಡಿ ಸಸಿ ನೆಡಿಸುತ್ತೇವೆಂದು ಯಾರಾದರೂ ಬಂದರೆ ಒಪ್ಪಬೇಡಿ. ಅದು ಹುಲ್ಲಿನ ನೆಲ, ಗುಂಡಿ ತೋಡಿದರೆ ಉಳಿದ ಬುಡಗಳೂ ಹೋಗುತ್ತವೆ. ಓರೆಗೆ ಅಡ್ಡಲಾಗಿ, ಸುಟ್ಟ ಗಿಡಗಳ ಕೊಂಬೆಗಳನ್ನೂ ಕಲ್ಲುಗಳನ್ನೂ ಸಾಲಾಗಿ ಒಡ್ಡಿ, ಮೊದಲ ಮಳೆಯ ನೀರು ಬೂದಿಯನ್ನು ಹೊತ್ತೊಯ್ಯದಂತೆ ತಡೆಯಿರಿ. ಚಿಗುರು ಕಂಡಿತೆಂದು ದನ, ಕುರಿ ಬಿಡಬೇಡಿ. ಮಳೆ ಹಿಡಿದ ಮೇಲೆ ಆರರಿಂದ ಎಂಟು ವಾರ ಕಾಯಿರಿ. ಅನಂತರ ನೀವೇ ಹೋಗಿ, ಹತ್ತು ಕಡೆ ಒಂದೊಂದು ಹಿಡಿ ಹುಲ್ಲನ್ನು ದನ ನಾಲಿಗೆ ಸುತ್ತಿ ಎಳೆಯುವಂತೆ ಜಗ್ಗಿ ನೋಡಿ. ಬೇರುಸಹಿತ ಕಿತ್ತು ಬಂದರೆ ಇನ್ನೂ ಕಾಯಬೇಕು. ಬುಡ ನೆಲದಲ್ಲೇ ಗಟ್ಟಿಯಾಗಿ ನಿಂತು ಎಲೆ ಮಾತ್ರ ಹರಿದು ಕೈಗೆ ಬಂದರೆ ದನ ಬಿಡಬಹುದು.